ಸೋತ ತಂಡದ ಬೌಲರು: ಅಂಕಿಗಳ ಸಾಕ್ಷ್ಯವೆಷ್ಟು?

ಮಾರಿಕುಪ್ಪಂನಿಂದ ಹೊರಟ ರೈಲು ಚಾಂಪಿಯನ್, ಊರಿಗಾಂ, ಕೋರಮಂಡಲ ನಿಲ್ದಾಣಗಳನ್ನು ದಾಟಿ ಬಂಗಾರಪೇಟೆಯ ಕಡೆಗೆ ಸಾಗುವಾಗ, ಗಣಿಯ ಮಣ್ಣನ್ನು ರಾಶಿ ಹಾಕಿದ ಸಯನೈಡ್ ದಿಬ್ಬಗಳು ಪ್ರಯಾಣಿಕರ ಕಣ್ಣಿಗೆ ಬೀಳುತ್ತವೆ. ಬಯಲು ಕಂಡಲ್ಲೆಲ್ಲ ಹುಡುಗರು ಕ್ರಿಕೆಟ್ ಆಡುತ್ತಿರುತ್ತಾರೆ. ಒಂದು ಸಂಜೆ ಈ ರೈಲಿನಲ್ಲಿ ನಮ್ಮ ಎದುರಿಗೆ ಕುಳಿತಿದ್ದ ವಿದ್ಯಾರ್ಥಿಯೊಬ್ಬನು ಕಿಟಕಿಯ ಹೊರಗೆ ನೋಡುತ್ತಿರಲಿಲ್ಲ. ಅವನ ತೊಡೆಯ ಮೇಲೆ ಒಂದು ಸ್ಕೋರು ಪುಸ್ತಕವಿತ್ತು. ಅವನು ತನ್ನ ತಂಡದ ಬದಲಿ ಬೌಲರು. ಮೊದಲ ಬೌಲರುಗಳು ದಣಿದ ಮೇಲೆ ಚೆಂಡು ಅವನ ಕೈಗೆ ಬರುತ್ತದೆ. ಆ ವರ್ಷ ತಂಡವು ಗೆದ್ದುದಕ್ಕಿಂತ ಸೋತದ್ದೇ ಹೆಚ್ಚು. ಮುಂದಿನ ಹಂತದ ಆಯ್ಕೆಗೆ ಹೋದಾಗ ಅವನ ಪುಸ್ತಕವನ್ನು ಯಾರೂ ತೆರೆದು ನೋಡಲಿಲ್ಲವಂತೆ. “ಸೋತ ತಂಡದ ಅಂಕಿಗಳಿಗೆ ಏನು ಬೆಲೆ?” ಎಂದು ಹೇಳಿ ಕಳುಹಿಸಿದರಂತೆ.

“ಸಾರ್, ತಂಡ ಸೋತರೆ ಬೌಲರ ಲೆಕ್ಕವೂ ಸುಳ್ಳಾಗುತ್ತದೆಯೆ?” ಎಂದು ಅವನು ಕೇಳಿದನು.

ಬಂಗಾರಪೇಟೆ ಬರುವುದರೊಳಗೆ ಇದಕ್ಕೆ ಸರಿಯಾದ ಉತ್ತರ ಕೊಡಲು ನಮ್ಮಿಂದಾಗಲಿಲ್ಲ. ಸಮಾಧಾನದ ಮಾತು ಹೇಳುವುದು ಸುಲಭ. ಆದರೆ ಅವನು ಕೇಳಿದ್ದು ಸಮಾಧಾನವನ್ನಲ್ಲ. ಒಂದು ಸಂಖ್ಯೆಯನ್ನು ಎಷ್ಟರಮಟ್ಟಿಗೆ ನಂಬಬಹುದು, ಅದು ಯಾರ ಗುಣವನ್ನು ಅಳೆಯುತ್ತದೆ ಎಂಬುದು ಅವನ ಪ್ರಶ್ನೆ. ಇದು ಕ್ರೀಡೆಯ ಪ್ರಶ್ನೆಯಾಗಿರುವಂತೆಯೇ ವಿಜ್ಞಾನದ ಪ್ರಶ್ನೆಯೂ ಹೌದು. ಆದುದರಿಂದ ಉತ್ತರವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತಿದ್ದೇವೆ.

ಒಂದು ಸಂಖ್ಯೆ, ಮೂವರು ಪಾಲುದಾರರು

ಬೌಲರನೊಬ್ಬನು ಒಂದು ಋತುವಿನಲ್ಲಿ ಇಪ್ಪತ್ತು ವಿಕೆಟ್ಟು ಪಡೆದನೆಂದು ಪತ್ರಿಕೆಯಲ್ಲಿ ಓದುತ್ತೇವೆ. ಆ ಇಪ್ಪತ್ತು ಅವನೊಬ್ಬನ ಸ್ವಂತ ಆಸ್ತಿಯೆಂದು ಭಾವಿಸುವುದು ವಾಡಿಕೆ. ವಿಚಾರಮಾಡಿ ನೋಡಿದರೆ ಅದಕ್ಕೆ ಮೂವರು ಪಾಲುದಾರರಿದ್ದಾರೆ. ಮೊದಲನೆಯದು ಬೌಲರ ಕೌಶಲ. ಎರಡನೆಯದು ತಂಡ: ಅವನಿಗೆ ಎಷ್ಟು ಪಂದ್ಯ, ಎಷ್ಟು ಓವರು ದೊರೆಯಿತು, ಕ್ಯಾಚುಗಳನ್ನು ಹಿಡಿದವರು ಯಾರು, ರಕ್ಷಿಸಿಕೊಳ್ಳಲು ಎಷ್ಟು ರನ್ನುಗಳಿದ್ದವು ಎಂಬುದೆಲ್ಲ ತಂಡಕ್ಕೆ ಸೇರಿದ ವಿಷಯ. ಮೂರನೆಯದು ಆಕಸ್ಮಿಕ. ಬ್ಯಾಟಿನ ಅಂಚಿಗೆ ತಗಲಿದ ಚೆಂಡು ಒಂದು ದಿನ ಸ್ಲಿಪ್ಪಿನವನ ಕೈ ಸೇರುತ್ತದೆ, ಇನ್ನೊಂದು ದಿನ ಅವನ ಬೆರಳ ತುದಿಯನ್ನು ದಾಟಿ ಗಡಿಗೆ ಓಡುತ್ತದೆ. ಎಸೆತವು ಎರಡು ದಿನವೂ ಒಂದೇ.

ಸ್ಕೋರು ಪುಸ್ತಕವು ಈ ಮೂವರ ಪಾಲನ್ನೂ ಒಂದೇ ಮೊತ್ತವಾಗಿ ಬರೆದಿಡುತ್ತದೆ. ಆ ಮೊತ್ತವನ್ನು ಒಡೆದು ಅವರವರ ಪಾಲನ್ನು ಅವರವರಿಗೆ ಹಂಚುವುದೇ ಸಂಖ್ಯಾಶಾಸ್ತ್ರದ ಕೆಲಸ. ಇದಕ್ಕೆ ನಮ್ಮ ನಾಡಿನದೇ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ.

ಶ್ರೇಯಸ್ ಗೋಪಾಲರ 2019ನೆಯ ಋತು

ಶ್ರೇಯಸ್ ಗೋಪಾಲ್ ಬೆಂಗಳೂರಿನಲ್ಲಿ ಹುಟ್ಟಿ, ಕರ್ನಾಟಕದ ಪರವಾಗಿ ರಣಜಿ ಪಂದ್ಯಗಳನ್ನಾಡಿ ಹೆಸರು ಮಾಡಿದ ಲೆಗ್ ಸ್ಪಿನ್ ಬೌಲರು. 2019ರ ಐಪಿಎಲ್ ಪಂದ್ಯಾವಳಿಯಲ್ಲಿ ಅವರು ರಾಜಸ್ಥಾನ ರಾಯಲ್ಸ್ ತಂಡದಲ್ಲಿದ್ದರು. ಆ ತಂಡ 14 ಪಂದ್ಯಗಳಲ್ಲಿ 5ನ್ನು ಗೆದ್ದು, 8ನ್ನು ಸೋತು, ಒಂದನ್ನು ಮಳೆಗೆ ಒಪ್ಪಿಸಿ, ಎಂಟು ತಂಡಗಳಲ್ಲಿ ಏಳನೆಯದಾಯಿತು. ಎಂಟನೆಯ ಸ್ಥಾನ ನಮ್ಮ ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡಕ್ಕೆ ದೊರೆಯಿತು. ಅದರ ಗೆಲುವು ಸೋಲುಗಳೂ ಅಷ್ಟೇ. ಬೆಂಗಳೂರು ತಂಡದ ಮುಖ್ಯ ಸ್ಪಿನ್ನರು ಯುಜುವೇಂದ್ರ ಚಾಹಲ್.

ಅದೇ ವರ್ಷ ಎಲ್ಲರಿಗಿಂತ ಹೆಚ್ಚು ವಿಕೆಟ್ಟು ಪಡೆದು ನೇರಳೆ ಟೋಪಿಯನ್ನು ಧರಿಸಿದವರು ಚೆನ್ನೈ ಸೂಪರ್ ಕಿಂಗ್ಸ್ ತಂಡದ ಇಮ್ರಾನ್ ತಾಹಿರ್. ಚೆನ್ನೈ ತಂಡವು ಅಂತಿಮ ಪಂದ್ಯದವರೆಗೂ ಹೋಗಿ ಅಲ್ಲಿ ಒಂದೇ ಒಂದು ರನ್ನಿನಿಂದ ಸೋತಿತು. ಮೂವರೂ ಲೆಗ್ ಸ್ಪಿನ್ನರುಗಳೇ ಆದುದರಿಂದ ಹೋಲಿಕೆಗೆ ಅನುಕೂಲ. ಅವರ ಲೆಕ್ಕ ಹೀಗಿದೆ:

ಇಮ್ರಾನ್ ತಾಹಿರ್: ಪಂದ್ಯ 17, ಚೆಂಡು 386, ರನ್ನು 431, ವಿಕೆಟ್ಟು 26.
ಶ್ರೇಯಸ್ ಗೋಪಾಲ್: ಪಂದ್ಯ 14, ಚೆಂಡು 288, ರನ್ನು 347, ವಿಕೆಟ್ಟು 20.
ಯುಜುವೇಂದ್ರ ಚಾಹಲ್: ಪಂದ್ಯ 14, ಚೆಂಡು 296, ರನ್ನು 386, ವಿಕೆಟ್ಟು 18.

ಟೋಪಿಯನ್ನು ಕೊಡುವವರು ಕೊನೆಯ ಸಂಖ್ಯೆಯನ್ನು ಮಾತ್ರ ನೋಡುತ್ತಾರೆ. ಆ ದೃಷ್ಟಿಯಿಂದ ತಾಹಿರರು ಬಹಳ ಮುಂದೆ, ಶ್ರೇಯಸ್ ಬಹಳ ಹಿಂದೆ. ಆದರೆ ವಾಚಕರು ಒಂದು ಸಣ್ಣ ಭಾಗಾಕಾರವನ್ನು ಮಾಡಿ ನೋಡಲಿ. ಒಂದು ವಿಕೆಟ್ಟಿಗೆ ಎಷ್ಟು ಚೆಂಡುಗಳು ವೆಚ್ಚವಾದವು? ತಾಹಿರರಿಗೆ 14.8, ಶ್ರೇಯಸರಿಗೆ 14.4, ಚಾಹಲರಿಗೆ 16.4. ಏಳನೆಯ ಸ್ಥಾನದ ತಂಡದ ಬೌಲರು ನೇರಳೆ ಟೋಪಿಯವರಿಗಿಂತ ಕೂದಲೆಳೆಯಷ್ಟು ಬೇಗನೆಯೇ ವಿಕೆಟ್ಟು ಕೀಳುತ್ತಿದ್ದರೆಂದಾಯಿತು! ಅದೇ ವೇಗದಲ್ಲಿ ಅವರೂ 386 ಚೆಂಡುಗಳನ್ನು ಎಸೆದಿದ್ದರೆ ಸುಮಾರು 27 ವಿಕೆಟ್ಟುಗಳು ಅವರ ಪಾಲಿಗೆ ಬರುತ್ತಿದ್ದವು. ತಾಹಿರರು 288 ಚೆಂಡುಗಳಿಗೇ ನಿಲ್ಲಬೇಕಾಗಿದ್ದರೆ 19ರ ಹತ್ತಿರ ನಿಲ್ಲುತ್ತಿದ್ದರು.

ಇದರಿಂದ ತಾಹಿರರು ಟೋಪಿಗೆ ಅರ್ಹರಲ್ಲವೆಂದು ಯಾರೂ ತಿಳಿಯಬಾರದು. ಓವರೊಂದಕ್ಕೆ ಕೊಟ್ಟ ರನ್ನನ್ನು ನೋಡಿದರೆ ಅವರದು 6.7, ಶ್ರೇಯಸರದು 7.2, ಚಾಹಲರದು 7.8. ಮಿತವ್ಯಯದಲ್ಲಿ ತಾಹಿರರೇ ಮೇಲು. ನಾವು ತೋರಿಸಬೇಕೆಂದಿರುವುದು ಇಷ್ಟೆ: 26 ಮತ್ತು 20ರ ನಡುವಣ ಅಂತರವು ಮುಖ್ಯವಾಗಿ ಅವಕಾಶದ ಅಂತರ. ಗೆದ್ದ ತಂಡಕ್ಕೆ ಮೂರು ಪಂದ್ಯಗಳು ಹೆಚ್ಚಿಗೆ ದೊರೆತವು. ಸೋತ ತಂಡ ಗಂಟುಮೂಟೆ ಕಟ್ಟಿತು.

ಅದಿರು ಮತ್ತು ಚಿನ್ನ

ಕೋಲಾರದ ಚಿನ್ನದ ಗಣಿಯ ಪ್ರದೇಶದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. 2001ರ ಫೆಬ್ರವರಿ 28ರಂದು ಮುಚ್ಚುವವರೆಗೆ, ನೂರಿಪ್ಪತ್ತು ವರ್ಷಗಳ ಅವಧಿಯಲ್ಲಿ ಈ ಗಣಿಗಳಿಂದ ಸುಮಾರು 800 ಟನ್ ಚಿನ್ನವನ್ನು ತೆಗೆದರೆಂದು ಲೆಕ್ಕ. ಆದರೆ ಗಣಿಯ ಎಂಜಿನಿಯರನು ಒಟ್ಟು ಚಿನ್ನವನ್ನು ನೋಡಿ ಬಂಡೆಯ ಗುಣವನ್ನು ನಿರ್ಣಯಿಸುತ್ತಿರಲಿಲ್ಲ. ಒಂದು ಟನ್ ಅದಿರಿಗೆ ಎಷ್ಟು ಗ್ರಾಂ ಚಿನ್ನ ಎಂಬುದೇ ಅವನ ಅಳತೆಗೋಲು. ಮೇಲಕ್ಕೆ ಎತ್ತಿದ ಅದಿರಿನ ಟನ್ನುಗಳನ್ನು ಈ ಗ್ರಾಂಗಳಿಂದ ಗುಣಿಸಿದರೆ ಒಟ್ಟು ಚಿನ್ನ. ಹಗ್ಗ ಚಿಕ್ಕದಾಗಿ, ಬುಟ್ಟಿಗಳು ಕೆಲವೇ ಮೇಲೆ ಬಂದರೆ, ಉತ್ತಮ ಅದಿರಿನ ಗಣಿಯೂ ಬಡವಾಗಿ ಕಾಣುತ್ತದೆ.

ವಿಕೆಟ್ಟುಗಳ ಮೊತ್ತವು ಒಟ್ಟು ಚಿನ್ನದಂತೆ; ಎಸೆದ ಚೆಂಡುಗಳು ಎತ್ತಿದ ಅದಿರಿನಂತೆ; ಚೆಂಡಿಗಿಷ್ಟು ವಿಕೆಟ್ಟು ಎಂಬುದು ಅದಿರಿನ ಸತ್ತ್ವ. ಬೌಲರ ಗುಣವನ್ನು ತಿಳಿಯಬೇಕಾದರೆ ಮೊತ್ತವನ್ನು ಬಿಟ್ಟು ಸತ್ತ್ವವನ್ನು ನೋಡಬೇಕು. ಸೋತ ತಂಡದವನ ಪುಸ್ತಕವನ್ನು ತೆರೆಯದೆ ಹಿಂದಿರುಗಿಸಿದವರು ಮಾಡಿದ ಮೊದಲ ತಪ್ಪು ಇದು. ಆದರೆ ಆ ತಪ್ಪನ್ನು ತಿದ್ದಿಕೊಂಡ ಮಾತ್ರಕ್ಕೆ ನಮ್ಮ ಕೆಲಸ ಮುಗಿಯುವುದಿಲ್ಲ. ಒಂದೇ ಬುಟ್ಟಿ ಅದಿರನ್ನು ಪರೀಕ್ಷಿಸಿ ಇಡೀ ಗಣಿಗೆ ಬೆಲೆ ಕಟ್ಟಲಾದೀತೆ?

ಆಕಸ್ಮಿಕದ ಪಾಲು

ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ವಿಕಿರಣಶೀಲ ವಸ್ತುವೊಂದನ್ನು ಗೈಗರ್ ಎಣಿಕೆಯಂತ್ರದ ಮುಂದಿಟ್ಟು, ನಿಮಿಷಕ್ಕೆ ಎಷ್ಟು ಕಣಗಳು ಬರುತ್ತವೆಯೆಂದು ಎಣಿಸಿದವರಿಗೆ ಒಂದು ಅನುಭವವಿರುತ್ತದೆ. ಮೊದಲ ನಿಮಿಷದಲ್ಲಿ 20 ಬಂದರೆ, ಎರಡನೆಯದರಲ್ಲಿ 16, ಮೂರನೆಯದರಲ್ಲಿ 25 ಬರಬಹುದು. ವಸ್ತು ಬದಲಾಗಿಲ್ಲ, ಯಂತ್ರ ಕೆಟ್ಟಿಲ್ಲ. ಪ್ರತಿಯೊಂದು ಪರಮಾಣುವೂ ಒಡೆಯುವ ಸಂಭವ ಅತ್ಯಲ್ಪವಾಗಿದ್ದು, ಯಾವುದು ಯಾವಾಗ ಒಡೆಯುತ್ತದೆಂಬುದು ಆಕಸ್ಮಿಕವಾದಾಗ ಇಂಥ ಏರುಪೇರು ಅನಿವಾರ್ಯ. ಫ್ರಾನ್ಸಿನ ಗಣಿತಜ್ಞ ಪ್ವಾಸೋನ್ 19ನೆಯ ಶತಮಾನದಲ್ಲಿ ಇದರ ನಿಯಮವನ್ನು ಕೊಟ್ಟನು. ಅದರ ಸಾರವನ್ನು ಒಂದೇ ವಾಕ್ಯದಲ್ಲಿ ಹೇಳಬಹುದು: ಎಣಿಕೆ ಎಷ್ಟೋ ಅದರ ವರ್ಗಮೂಲದಷ್ಟು ಏರುಪೇರನ್ನು ನಿರೀಕ್ಷಿಸಬೇಕು. ಅನೇಕ ಸಲ ಎಣಿಸಿದರೆ ಸುಮಾರು ಮೂರರಲ್ಲಿ ಎರಡು ಸಲ ಎಣಿಕೆ ಈ ಮಿತಿಯೊಳಗೆ ಬೀಳುತ್ತದೆ.

ಬೌಲರನು ಎಸೆಯುವ ಪ್ರತಿಯೊಂದು ಚೆಂಡಿಗೂ ವಿಕೆಟ್ಟು ಬೀಳುವ ಸಂಭವ ಸಣ್ಣದು. ಚೆಂಡುಗಳು ನೂರಾರು. ಆದುದರಿಂದ ಇದೇ ನಿಯಮ, ಸ್ಥೂಲವಾಗಿ, ಇಲ್ಲಿಗೂ ಅನ್ವಯಿಸುತ್ತದೆ. 20ರ ವರ್ಗಮೂಲ ಸುಮಾರು 4.5. ಅಂದರೆ ಶ್ರೇಯಸರು ತಮ್ಮ ಕೌಶಲದಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲದೆ ಅದೇ ಋತುವನ್ನು ಮತ್ತೆ ಆಡಿದ್ದರೆ, 16 ವಿಕೆಟ್ಟುಗಳಾದರೂ ಸಿಗಬಹುದಾಗಿತ್ತು, 24 ಆದರೂ ಸಿಗಬಹುದಾಗಿತ್ತು. ವಿಕೆಟ್ಟಿಗೆ 14.4 ಚೆಂಡು ಎಂಬ ಸಂಖ್ಯೆಯ ನಿಜವಾದ ಅರ್ಥ “ಬಹುಮಟ್ಟಿಗೆ 12ರಿಂದ 18ರ ಒಳಗೆ ಎಲ್ಲೋ ಒಂದು ಕಡೆ” ಎಂಬುದಷ್ಟೆ. ತಾಹಿರರ 14.8 ಆಗಲಿ, ಚಾಹಲರ 16.4 ಆಗಲಿ ಇದೇ ಮಿತಿಯೊಳಗೆ ಬರುತ್ತವೆ. ಹಾಗಾದರೆ ಮೂವರಲ್ಲಿ ವಿಕೆಟ್ಟು ಕೀಳುವುದರಲ್ಲಿ ಯಾರು ಮೇಲು? ಈ ಒಂದು ಋತುವಿನ ಅಂಕಿಗಳಿಂದ ಇದನ್ನು ನಿರ್ಣಯಿಸಲು ಸಾಧ್ಯವಿಲ್ಲವೆಂಬುದೇ ಪ್ರಾಮಾಣಿಕವಾದ ಉತ್ತರ.

ರನ್ನುಗಳ ಲೆಕ್ಕವೂ ಇದಕ್ಕೆ ಹೊರತಲ್ಲ. ಚೆಂಡಿನಿಂದ ಚೆಂಡಿಗೆ ಸುಮಾರು ಒಂದೂವರೆ ರನ್ನಿನ ಏರುಪೇರು ಇರುತ್ತದೆಂದು ಹಿಡಿದರೆ, 288 ಚೆಂಡುಗಳಲ್ಲಿ ಒಟ್ಟು ಏರುಪೇರು ಸುಮಾರು 25 ರನ್ನು; ಓವರಿಗೆ ಅರ್ಧ ರನ್ನು. ಶ್ರೇಯಸರ 7.2ಕ್ಕೂ ತಾಹಿರರ 6.7ಕ್ಕೂ ಇರುವ ಅಂತರ ಅಷ್ಟೇ ಅಲ್ಲವೆ!

ಸಂಖ್ಯೆ ದೊಡ್ಡದಾದಂತೆ ಆಕಸ್ಮಿಕದ ಪಾಲು ಕುಗ್ಗುತ್ತದೆ. 20 ವಿಕೆಟ್ಟುಗಳಲ್ಲಿ ಏರುಪೇರು ನೂರಕ್ಕೆ 22ರಷ್ಟು. ಮೈಸೂರಿನ ಜಾವಗಲ್ ಶ್ರೀನಾಥರು ಟೆಸ್ಟ್ ಪಂದ್ಯಗಳಲ್ಲಿ ಗಳಿಸಿದ 236 ವಿಕೆಟ್ಟುಗಳಲ್ಲಿ ಅದು ನೂರಕ್ಕೆ ಆರೂವರೆ. ಬೆಂಗಳೂರಿನ ಅನಿಲ್ ಕುಂಬ್ಳೆಯವರ 619 ವಿಕೆಟ್ಟುಗಳಲ್ಲಿ ನೂರಕ್ಕೆ ನಾಲ್ಕು ಮಾತ್ರ. ಒಂದು ಋತು ಪಿಸುಮಾತಿನಲ್ಲಿ ಹೇಳುವುದನ್ನು ಒಂದು ಜೀವಮಾನದ ಆಟ ಗಟ್ಟಿಯಾಗಿ ಹೇಳುತ್ತದೆ.

ಗಣಿಯ ಆಳದಲ್ಲಿ ಎಣಿಕೆ

ಸಣ್ಣ ಎಣಿಕೆಗಳನ್ನು ನಂಬುವುದು ಹೇಗೆಂಬ ಈ ಸಮಸ್ಯೆಯನ್ನು ಲೋಕದ ಭೌತವಿಜ್ಞಾನಿಗಳು ಬಹು ಗಂಭೀರವಾಗಿ ಎದುರಿಸಿದ ಸ್ಥಳಗಳಲ್ಲಿ ನಮ್ಮ ಚಿನ್ನದ ಗಣಿಯೂ ಒಂದೆಂಬುದನ್ನು ಇಲ್ಲಿಯ ವಿದ್ಯಾರ್ಥಿಗಳು ಮರೆಯಬಾರದು. ನಂಜನಗೂಡಿನಲ್ಲಿ ಹುಟ್ಟಿದ ಬಿ. ವಿ. ಶ್ರೀಕಂಠನ್ ಅವರೂ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಅವರ ಸಹೋದ್ಯೋಗಿಗಳೂ 1950ರ ದಶಕದಿಂದ ಈ ಗಣಿಗಳೊಳಗೆ ವಿಶ್ವಕಿರಣಗಳನ್ನು ಎಣಿಸಿದರು. ಆಳಕ್ಕೆ ಇಳಿದಂತೆಲ್ಲ ಮೇಲಿನ ಬಂಡೆ ಕಣಗಳನ್ನು ತಡೆಯುವುದರಿಂದ ಎಣಿಕೆ ಕ್ಷೀಣಿಸುತ್ತ ಹೋಯಿತು. ಅತ್ಯಂತ ಆಳದ ನೆಲೆಯಲ್ಲಿ ವಾರಗಟ್ಟಲೆ ಕಾದರೂ ಒಂದು ಕಣವೂ ಬರಲಿಲ್ಲ. ಈ ಸೊನ್ನೆಯನ್ನು ಅವರು ಸೋಲೆಂದು ಎಣಿಸಲಿಲ್ಲ. ಇತರ ಕಣಗಳ ಗದ್ದಲವಿಲ್ಲದ ಇಂಥ ನಿಶ್ಶಬ್ದ ಸ್ಥಳದಲ್ಲಿ ನ್ಯೂಟ್ರಿನೊ ಎಂಬ ದುರ್ಲಭ ಕಣದ ಗುರುತನ್ನು ಹುಡುಕಬಹುದೆಂದು ಅವರು ತರ್ಕಿಸಿದರು. 1965ರಲ್ಲಿ, ಸುಮಾರು 2.3 ಕಿಲೋಮೀಟರು ಆಳದಲ್ಲಿ, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹ್ಯಾಂ ವಿಶ್ವವಿದ್ಯಾನಿಲಯಗಳ ವಿಜ್ಞಾನಿಗಳೊಡನೆ ಸೇರಿ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತನ್ನು ಕಂಡರು. ಮೊದಲು ಸಿಕ್ಕ ಘಟನೆಗಳು ಬೆರಳೆಣಿಕೆಯಷ್ಟೆ. ಆದರೂ ಅವು ನಿಂತವು. ಏಕೆಂದರೆ ಬೇರಾವ ಕಾರಣದಿಂದಲೂ ಅಂಥ ಗುರುತುಗಳು ಅಲ್ಲಿ ಮೂಡುವ ಸಂಭವ ಬಹಳ ಕಡಿಮೆಯೆಂಬುದನ್ನು ಅವರು ಮೊದಲೇ ಅಳೆದಿಟ್ಟಿದ್ದರು.

1980ರ ದಶಕದಲ್ಲಿ ಅದೇ ಗಣಿಯಲ್ಲಿ ಪ್ರೋಟಾನಿನ ಕ್ಷಯವನ್ನು ಹುಡುಕುವ ಪ್ರಯೋಗ ನಡೆಯಿತು. ಆಗಲೂ ಕೆಲವು ಘಟನೆಗಳು ಕಂಡುಬಂದು ಆಸೆ ಹುಟ್ಟಿಸಿದವು. ಆದರೆ ಅಮೆರಿಕ, ಜಪಾನುಗಳ ಇನ್ನೂ ದೊಡ್ಡ ಉಪಕರಣಗಳು ಅದನ್ನು ಸಮರ್ಥಿಸಲಿಲ್ಲ. ಒಂದೇ ಗಣಿ, ಒಂದೇ ಬಗೆಯ ಶ್ರದ್ಧೆ. ಒಮ್ಮೆ ಬೆರಳೆಣಿಕೆಯ ಘಟನೆಗಳು ನಿಜವಾದ ಸಂಶೋಧನೆಯಾದವು, ಇನ್ನೊಮ್ಮೆ ಆಗಲಿಲ್ಲ. ಸಣ್ಣ ಸಂಖ್ಯೆಯನ್ನು ತಿರಸ್ಕರಿಸಲೂ ಬಾರದು, ಕಣ್ಣುಮುಚ್ಚಿ ನಂಬಲೂ ಬಾರದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ದೃಷ್ಟಾಂತ ನಮಗೆ ಬೇಕಾಗಿಲ್ಲ.

ಒಂದು ಓವರಿನ ಕಥೆ

ಈಗ ಕ್ರೀಡಾಂಗಣಕ್ಕೆ ಹಿಂದಿರುಗೋಣ. 2019ರ ಏಪ್ರಿಲ್ 30ರ ರಾತ್ರಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ರಾಜಸ್ಥಾನಕ್ಕೂ ಬೆಂಗಳೂರಿಗೂ ಪಂದ್ಯ. ಮಳೆಯಿಂದಾಗಿ ಅದನ್ನು ತಂಡಕ್ಕೆ ಐದೇ ಓವರುಗಳಿಗೆ ಇಳಿಸಲಾಯಿತು. ಶ್ರೇಯಸರು ಎಸೆದದ್ದು ಒಂದೇ ಓವರು. ಅದರಲ್ಲಿ 12 ರನ್ನುಗಳನ್ನು ಕೊಟ್ಟರು. ಆದರೆ ವಿರಾಟ್ ಕೊಹ್ಲಿ, ಎ. ಬಿ. ಡಿವಿಲಿಯರ್ಸ್, ಮಾರ್ಕಸ್ ಸ್ಟೋಯಿನಿಸ್ ಈ ಮೂವರನ್ನು ಒಂದರ ಹಿಂದೊಂದರಂತೆ ಮೂರು ಚೆಂಡುಗಳಲ್ಲಿ ಹಿಂದಕ್ಕೆ ಕಳುಹಿಸಿದರು. ತಮ್ಮ ಹುಟ್ಟೂರಿನ ಮೈದಾನದಲ್ಲಿ ಹ್ಯಾಟ್ರಿಕ್! ಬೆಂಗಳೂರು 7 ವಿಕೆಟ್ಟಿಗೆ 62 ರನ್ನು ಮಾಡಿತು. ರಾಜಸ್ಥಾನವು ಒಂದು ವಿಕೆಟ್ಟಿಗೆ 41 ರನ್ನು ಮಾಡಿದ್ದಾಗ ಮಳೆ ಮತ್ತೆ ಬಂದಿತು. ಪಂದ್ಯಕ್ಕೆ ಫಲಿತಾಂಶವೇ ಇಲ್ಲ. ಹ್ಯಾಟ್ರಿಕ್ ಮಾತ್ರ ಪುಸ್ತಕದಲ್ಲಿ ಉಳಿಯಿತು.

ಚೆಂಡಿಗೊಂದರಂತೆ ವಿಕೆಟ್ಟು ಬೀಳುವ ಸಂಭವ 14.4ರಲ್ಲಿ ಒಂದಾದರೆ, ಗೊತ್ತುಮಾಡಿದ ಮೂರು ಚೆಂಡುಗಳಲ್ಲಿಯೂ ಬೀಳುವ ಸಂಭವ ಆ ಸಂಖ್ಯೆಯ ಘನದಲ್ಲಿ ಒಂದು. ಎಂದರೆ ಸುಮಾರು 3000ದಲ್ಲಿ ಒಂದು. ಆದರೆ ಋತುವಿನ 288 ಚೆಂಡುಗಳಲ್ಲಿ ಒಂದರ ಹಿಂದೊಂದು ಬರುವ ಮೂರರ ಗುಂಪುಗಳು 286 ಇವೆ. ಆದುದರಿಂದ ಋತುವಿನಲ್ಲಿ ಎಲ್ಲಿಯಾದರೂ ಒಂದು ಹ್ಯಾಟ್ರಿಕ್ ಒದಗುವ ಸಂಭವ ಹೆಚ್ಚು ಕಡಿಮೆ ಹತ್ತರಲ್ಲಿ ಒಂದು. ಪಂದ್ಯಾವಳಿಯಲ್ಲಿ ಬೌಲರುಗಳು ಹಲವರು. ಹಾಗಾಗಿ ಒಂದೆರಡು ಹ್ಯಾಟ್ರಿಕ್ಕುಗಳು ಕಾಣಿಸಿಕೊಂಡರೆ ಆಶ್ಚರ್ಯವಿಲ್ಲ. 2019ರಲ್ಲಿ ಸ್ಯಾಮ್ ಕರನ್ ಕೂಡ ಒಂದನ್ನು ಪಡೆದರು. ಮೇಲಾಗಿ ಐದೇ ಓವರುಗಳ ಪಂದ್ಯದಲ್ಲಿ ಬ್ಯಾಟು ಹಿಡಿದವರು ಪ್ರತಿ ಚೆಂಡನ್ನೂ ಬೀಸಿ ಹೊಡೆಯುವುದರಿಂದ ವಿಕೆಟ್ಟಿನ ಸಂಭವವೂ ಎಂದಿಗಿಂತ ಹೆಚ್ಚು.

ಇನ್ನೊಂದು ಲೆಕ್ಕ ಇದಕ್ಕಿಂತಲೂ ಬೋಧಪ್ರದವಾದುದು. ಆ ಒಂದು ಓವರನ್ನು ತೆಗೆದುಹಾಕಿ ನೋಡಿ. ಉಳಿಯುವುದು 282 ಚೆಂಡು, 335 ರನ್ನು, 17 ವಿಕೆಟ್ಟು. ವಿಕೆಟ್ಟಿಗೆ 14.4 ಚೆಂಡು ಇದ್ದದ್ದು 16.6 ಆಗುತ್ತದೆ, ಚಾಹಲರ 16.4ಕ್ಕಿಂತ ತುಸು ಹಿಂದೆ! ನಲವತ್ತೆಂಟು ಓವರುಗಳಲ್ಲಿ ಒಂದೇ ಓವರು ಇಡೀ ಋತುವಿನ ಮುಖಚರ್ಯೆಯನ್ನೇ ಬದಲಾಯಿಸಿತು. ಹಾಗೆಂದು ಆ ಓವರನ್ನು ಬಿಟ್ಟುಬಿಡುವುದು ಸರಿಯೆ? ಖಂಡಿತ ಅಲ್ಲ. ತನಗೆ ಹಿಡಿಸದ ಅಳತೆಯನ್ನು ಹೊಡೆದುಹಾಕುವ ವಿದ್ಯಾರ್ಥಿಗೆ ಪ್ರಯೋಗ ಪರೀಕ್ಷೆಯಲ್ಲಿ ಅಂಕಗಳು ಸಿಗುವುದಿಲ್ಲ. ಓವರು ನಿಜ, ಎಸೆತಗಳು ನಿಜ, ವಿಕೆಟ್ಟುಗಳು ನಿಜ. ಆದರೆ ಒಂದು ಓವರಿನಿಂದ ಇಷ್ಟು ಅಲುಗಾಡುವ ಸಂಖ್ಯೆಯ ಮೇಲೆ ಎಷ್ಟು ಭಾರ ಹೊರಿಸಬಹುದೆಂಬುದನ್ನು ತಿಳಿಯಲು ಈ ಪರೀಕ್ಷೆ ಸಹಾಯಕ.

ತಂಡದ ಪಾಲು

ಸೋಲು ಬೌಲರ ಲೆಕ್ಕದೊಳಗೆ ಇನ್ನೂ ಸೂಕ್ಷ್ಮವಾದ ದಾರಿಗಳಿಂದ ಪ್ರವೇಶಿಸುತ್ತದೆ. ತಂಡ ಕಡಿಮೆ ರನ್ನು ಮಾಡಿದ್ದರೆ ಎದುರಾಳಿಗಳು ಅವಸರಪಡಬೇಕಾಗಿಲ್ಲ. ಬೌಲರನಿಗೆ ರನ್ನು ಕೊಡುವುದೂ ಕಡಿಮೆ, ವಿಕೆಟ್ಟು ಒಪ್ಪಿಸುವುದೂ ಕಡಿಮೆ. ಬೆನ್ನಟ್ಟಲು ದೊಡ್ಡ ಮೊತ್ತವಿದ್ದರೆ ಅವರು ಸಾಹಸಕ್ಕಿಳಿಯುತ್ತಾರೆ. ಆಗ ರನ್ನೂ ಹೆಚ್ಚು, ವಿಕೆಟ್ಟೂ ಹೆಚ್ಚು. ಅಂತೂ ಬೌಲರ ಅಂಕಿಗಳ ಒಂದು ಭಾಗವನ್ನು ಬರೆದವರು ಅವನ ತಂಡದ ಬ್ಯಾಟುಗಾರರು.

ಇನ್ನು ಫಲಿತಾಂಶದ ಮಾತು. 1999ರ ಫೆಬ್ರವರಿಯಲ್ಲಿ ಕೋಲ್ಕತ್ತದ ಈಡನ್ ಗಾರ್ಡನ್ಸಿನಲ್ಲಿ ಪಾಕಿಸ್ತಾನದ ವಿರುದ್ಧ ಶ್ರೀನಾಥರು ಮೊದಲ ಸರದಿಯಲ್ಲಿ 46 ರನ್ನಿಗೆ 5, ಎರಡನೆಯದರಲ್ಲಿ 86 ರನ್ನಿಗೆ 8 ವಿಕೆಟ್ಟು ಪಡೆದರು. ಬೀಳಬೇಕಾದ 20ರಲ್ಲಿ 13 ಅವರೊಬ್ಬರವೇ. ಭಾರತ 46 ರನ್ನುಗಳಿಂದ ಸೋತಿತು. ಅದೇ ತಿಂಗಳ 7ರಂದು ದೆಹಲಿಯಲ್ಲಿ ಕುಂಬ್ಳೆಯವರು 74 ರನ್ನಿಗೆ ಹತ್ತಕ್ಕೆ ಹತ್ತನ್ನೂ ಪಡೆದಾಗ ಭಾರತ 212 ರನ್ನುಗಳಿಂದ ಗೆದ್ದಿತ್ತು. ಜನರ ನೆನಪಿನಲ್ಲಿ ಉಳಿದದ್ದು ಯಾವುದೆಂದು ಹೇಳಬೇಕಾಗಿಲ್ಲ. 2021ರ ಡಿಸೆಂಬರಿನಲ್ಲಿ ಮುಂಬಯಿಯಲ್ಲಿ ನ್ಯೂಜಿಲೆಂಡಿನ ಎಜಾಜ್ ಪಟೇಲರು ಒಂದು ಸರದಿಯ ಹತ್ತೂ ವಿಕೆಟ್ಟುಗಳನ್ನು, ಪಂದ್ಯದಲ್ಲಿ ಒಟ್ಟು 14ನ್ನು ಪಡೆದರೂ ಅವರ ತಂಡ 372 ರನ್ನುಗಳಿಂದ ಸೋತಿತು. 2009ರ ಐಪಿಎಲ್ ಅಂತಿಮ ಪಂದ್ಯದಲ್ಲಿ ಕುಂಬ್ಳೆಯವರು ನಾಲ್ಕು ಓವರುಗಳಲ್ಲಿ 16 ರನ್ನಿಗೆ 4 ವಿಕೆಟ್ಟು ಪಡೆದರು. ಬೆಂಗಳೂರು ಆರು ರನ್ನುಗಳಿಂದ ಸೋತಿತು. ಆದರೂ ತೀರ್ಪುಗಾರರು ಪಂದ್ಯಪುರುಷನೆಂದು ಆರಿಸಿದ್ದು ಅವರನ್ನೇ. ಸೋಲಿನ ನೆರಳನ್ನು ಸರಿಸಿ ಅಂಕಿಯನ್ನು ನೋಡಲು ಸಾಧ್ಯವೆಂಬುದಕ್ಕೆ ಇದು ನಿದರ್ಶನ.

ಅಮೆರಿಕದ ಬೇಸ್‌ಬಾಲ್ ಆಟದವರು ಈ ವಿಷಯವನ್ನು ಬಹುಕಾಲದಿಂದ ಚರ್ಚಿಸುತ್ತ ಬಂದಿದ್ದಾರೆ. ಅಲ್ಲಿ ಚೆಂಡೆಸೆಯುವವನ ಹೆಸರಿನ ಮುಂದೆ ತಂಡದ ಗೆಲುವು ಸೋಲುಗಳನ್ನೇ ಬರೆಯುವ ಪದ್ಧತಿಯಿದೆ. ಮೊದಲ ಎಸೆತಗಾರನು ದಣಿದಾಗ ಅವನ ಭಾರವನ್ನು ಹೊರಲು ಬರುವ ಬದಲಿ ಎಸೆತಗಾರನಿಗೆ ‘ಸೇವ್’ ಎಂಬ ಇನ್ನೊಂದು ಲೆಕ್ಕ. 1969ರಿಂದ ಅದು ಅಧಿಕೃತವಾಯಿತು. ತಂಡ ಗೆದ್ದರೆ ಮಾತ್ರ ಅದು ಸಿಗುತ್ತದೆ. ಸೋತ ಪಂದ್ಯದಲ್ಲಿ ಎಷ್ಟು ಚೆನ್ನಾಗಿ ಎಸೆದರೂ ಇಲ್ಲ. ಆದರೂ 1987ರಲ್ಲಿ 80 ಪಂದ್ಯ ಗೆದ್ದು 82 ಸೋತ ಫಿಲಡೆಲ್ಫಿಯ ತಂಡದ ಬದಲಿ ಎಸೆತಗಾರ ಸ್ಟೀವ್ ಬೆಡ್ರೋಸಿಯನ್ 40 ಸೇವುಗಳನ್ನು ಗಳಿಸಿ, ತನ್ನ ಲೀಗಿನ ಶ್ರೇಷ್ಠ ಎಸೆತಗಾರನಿಗೆ ಕೊಡುವ ಸೈ ಯಂಗ್ ಪ್ರಶಸ್ತಿಯನ್ನು ಪಡೆದನು. 2018ರಲ್ಲಿ ನ್ಯೂಯಾರ್ಕಿನ ಮೆಟ್ಸ್ ತಂಡ 77 ಗೆದ್ದು 85 ಸೋತಿತು. ಅದರ ಜೇಕಬ್ ಡಿಗ್ರಾಂ ಒಂಬತ್ತು ಸರದಿಗಳಿಗೆ ಸರಾಸರಿ 1.70 ರನ್ನು ಮಾತ್ರ ಕೊಟ್ಟರೂ ಅವನ ಹೆಸರಿಗೆ ಸೇರಿದ ಗೆಲುವು 10, ಸೋಲು 9. ಪ್ರಶಸ್ತಿ ಮಾತ್ರ ಅವನಿಗೇ ಬಂದಿತು.

ಲೆಕ್ಕವು ಬದಲಿ ಎಸೆತಗಾರನಿಗೆ ಅನ್ಯಾಯವನ್ನೇ ಮಾಡುತ್ತದೆಂದಲ್ಲ. ಕೆಲವೊಮ್ಮೆ ಮುಖಸ್ತುತಿಯನ್ನೂ ಮಾಡುತ್ತದೆ. ಹಿಂದಿನವನು ಮೈದಾನದಲ್ಲಿ ಬಿಟ್ಟುಹೋದ ಓಟಗಾರನು ಇವನ ಎಸೆತದಲ್ಲಿ ಮನೆ ಮುಟ್ಟಿದರೆ ಆ ರನ್ನು ಹಿಂದಿನವನ ಖಾತೆಗೇ ಹೋಗುತ್ತದೆ. ಇವನ ಸರಾಸರಿ ಶುಭ್ರವಾಗಿಯೇ ಉಳಿಯುತ್ತದೆ. ಸಂಖ್ಯೆಯ ಹಿಂದಿನ ನಿಯಮವನ್ನು ತಿಳಿಯದೆ ಸಂಖ್ಯೆಯನ್ನು ಓದಬಾರದು.

ನಮ್ಮ ಉತ್ತರ

ಸ್ಕೋರು ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಹುಡುಗನಿಗೆ ಈಗ ಉತ್ತರ ಹೇಳಬಹುದು.

ಅಯ್ಯಾ, ತಂಡ ಸೋತುದರಿಂದ ನಿನ್ನ ಅಂಕಿಗಳು ಸುಳ್ಳಾಗುವುದಿಲ್ಲ. ಆದರೆ ಅವುಗಳನ್ನು ಮೊತ್ತವಾಗಿ ತೋರಿಸಬೇಡ. ಎಸೆದ ಚೆಂಡುಗಳನ್ನು ಮೊದಲು ಬರೆ. ಚೆಂಡಿಗಿಷ್ಟು ವಿಕೆಟ್ಟು, ಓವರಿಗಿಷ್ಟು ರನ್ನು ಎಂದು ಲೆಕ್ಕಹಾಕು. ಅದರ ಪಕ್ಕದಲ್ಲಿ ವರ್ಗಮೂಲದ ಏರುಪೇರನ್ನೂ ಬರೆ. ನಿನ್ನ ಅತ್ಯುತ್ತಮ ಓವರನ್ನೊಮ್ಮೆ, ಅತಿ ಕೆಟ್ಟ ಓವರನ್ನೊಮ್ಮೆ ತೆಗೆದು ನೋಡಿ, ಸಂಖ್ಯೆ ಎಷ್ಟು ಅಲುಗಾಡುತ್ತದೆಂದು ತಿಳಿದುಕೊ. ಬಹಳ ಅಲುಗಾಡಿದರೆ ಎದೆಗುಂದಬೇಡ, ಹಿಗ್ಗಲೂ ಬೇಡ. ಇನ್ನಷ್ಟು ಚೆಂಡುಗಳನ್ನು ಎಸೆಯಬೇಕೆಂದಷ್ಟೇ ಅದರ ಅರ್ಥ. ನಿನ್ನನ್ನು ತಿರಸ್ಕರಿಸಿದವರು ಪುಸ್ತಕ ತೆರೆಯದೆ ತಪ್ಪು ಮಾಡಿದರು. ಒಂದೇ ಋತುವಿನ ಪುಸ್ತಕವನ್ನು ಹಿಡಿದು ನೀನೇ ಶ್ರೇಷ್ಠನೆಂದು ಸಾಧಿಸಹೊರಟರೆ ನೀನೂ ಅದೇ ಬಗೆಯ ತಪ್ಪನ್ನು ಮಾಡಿದಂತಾಗುತ್ತದೆ.

ಕೆಲವು ವಾರಗಳ ತರುವಾಯ ಅದೇ ರೈಲಿನಲ್ಲಿ ಆ ಹುಡುಗನನ್ನು ಮತ್ತೆ ಕಂಡೆವು. ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ವರ್ಗಮೂಲಗಳನ್ನು ಬರೆದಿದ್ದನು. “ಸಾರ್, ನಾನು ಒಳ್ಳೆಯ ಬೌಲರೋ ಅಲ್ಲವೋ ಇದರಿಂದ ಇನ್ನೂ ಗೊತ್ತಾಗುವುದಿಲ್ಲ” ಎಂದನು. ಅವನ ಮುಖದಲ್ಲಿ ಬೇಸರವೇನೂ ಕಾಣಲಿಲ್ಲ. ಬಂಗಾರಪೇಟೆಯಲ್ಲಿ ಇಳಿದವನೇ ಚೀಲವನ್ನು ಹೆಗಲಿಗೇರಿಸಿಕೊಂಡು ಅಭ್ಯಾಸಕ್ಕೆ ಹೊತ್ತಾಯಿತೆಂದು ಬೇಗ ಬೇಗ ನಡೆದನು.